ತಾತನ ಕ್ಯಾಮೆರಾಕ್ಕೆ ಮತ್ತೆ ರೀಲು ಹಾಕುವ ಮುನ್ನ

ಪ್ರಶ್ನೆ: ಟ್ರಂಕಿನ ತಳದಲ್ಲಿ ನಮ್ಮ ತಾತನ ಎಸ್‌ಎಲ್‌ಆರ್ (ಒಳಗಿನ ಕನ್ನಡಿಯಿಂದ ಲೆನ್ಸಿನ ಮೂಲಕವೇ ನೋಡುವ) ಕ್ಯಾಮೆರಾ ಸಿಕ್ಕಿತು. ಮೂವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ. ಗುಂಡಿ ಒತ್ತಿದರೆ ಕ್ಲಿಕ್ ಅನ್ನುತ್ತದೆ, ಆದರೆ ಲೆನ್ಸ್ ತಿರುಗಿಸುವುದು ಬಿಗಿ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ರೀಲು ಹಾಕಬಹುದೇ?

ಉತ್ತರ: ಎಣ್ಣೆ ಬೇಡ. ಅರ್ಧ ಹನಿಯೂ ಬೇಡ. ನನ್ನ ಮೇಜಿಗೆ ಬರುವ ಕ್ಯಾಮೆರಾಗಳಲ್ಲಿ ವಯಸ್ಸಾಗಿ ಕೆಟ್ಟವನ್ನು ರಿಪೇರಿ ಮಾಡುವುದು ಸುಲಭ, ಪ್ರೀತಿಯಿಂದ ಎಣ್ಣೆ ಕುಡಿಸಿದವನ್ನು ಸರಿಪಡಿಸುವುದು ಕಷ್ಟ. ಹೊರಗೆ ಬಿಟ್ಟ ಎಣ್ಣೆ ಸಂದಿಗಳಲ್ಲಿ ಹರಿದು ಅಪರ್ಚರಿನ (ಲೆನ್ಸಿನೊಳಗಿನ ಬೆಳಕಿನ ಕಿಂಡಿಯ) ಎಲೆಗಳಿಗೋ ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಷಟರಿಗೋ ತಲುಪುತ್ತದೆ. ಎಣ್ಣೆ ಮೆತ್ತಿದ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ. ಲೆನ್ಸ್ ಬಿಗಿಯಾಗಿರುವುದು ಒಳಗಿನ ಗ್ರೀಸ್ ಗಟ್ಟಿಯಾಗಿರುವುದರಿಂದ. ಅದನ್ನು ಬಿಚ್ಚಿ, ಹಳೆಯದನ್ನು ತೊಳೆದು ಹೊಸದು ಹಚ್ಚಬೇಕು, ಬೇರೆ ದಾರಿಯಿಲ್ಲ.

ಹಿಂಬದಿಯ ಬಾಗಿಲು ತೆಗೆಯುವ ಮೊದಲು ಒಳಗೆ ರೀಲು ಇದೆಯೇ ನೋಡಿ. ರೀಲು ಸುತ್ತುವ ಹಿಡಿಯನ್ನು ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಸರಾಗವಾಗಿ ತಿರುಗುತ್ತಲೇ ಇದ್ದರೆ ಖಾಲಿ. ಎಳೆತ ಸಿಕ್ಕಿದರೆ ನಿಲ್ಲಿಸಿ, ತಾತ ತೆಗೆದ ಚಿತ್ರಗಳು ಒಳಗಿರಬಹುದು.

ಖಾಲಿ ಇದ್ದರೆ ಬಾಗಿಲು ತೆರೆಯಿರಿ. ಷಟರ್ ಸ್ಪೀಡ್ ಒಂದು ಸೆಕೆಂಡಿಗಿಟ್ಟು ಒತ್ತಿ ಕಿವಿಗೊಡಿ. ಮೆಕ್ಯಾನಿಕಲ್ ಕ್ಯಾಮೆರಾದಲ್ಲಿ ಹಲ್ಲುಚಕ್ರ ಗುರ್ರೆನ್ನುವುದು ಕೇಳುತ್ತದೆ. ನಡುವೆ ತೊದಲಿದರೆ, ಒಂದು ಸೆಕೆಂಡು ಎರಡಾದರೆ, ನಿಧಾನದ ಸ್ಪೀಡುಗಳು ಕೆಟ್ಟಿವೆ. ಬಹುಪಾಲು ಹಗಲಿನ ಚಿತ್ರಗಳಿಗೆ ಅವು ಬೇಕಾಗುವುದೇ ಇಲ್ಲ, ಹಾಗಾಗಿ ಅದೊಂದೇ ಕಾರಣಕ್ಕೆ ಕ್ಯಾಮೆರಾ ಮೂಲೆಗೆ ಹಾಕಬೇಡಿ. ಅಪಾಯವಿರುವುದು ಇನ್ನೊಂದು ತುದಿಯಲ್ಲಿ, ವೇಗದ ಸ್ಪೀಡುಗಳಲ್ಲಿ. ಲೆನ್ಸ್ ತೆಗೆದು, ಬೆಳಕಿರುವ ಗೋಡೆಯತ್ತ ಹಿಡಿದು, ಹಿಂದಿನಿಂದ ನೋಡುತ್ತ 1/1000ರಲ್ಲಿ ಒತ್ತಿ. ಚೌಕಟ್ಟಿನ ತುಂಬ ಒಂದೇ ಸಮ ಬೆಳಕು ಮಿಂಚಬೇಕು. ಒಂದು ಪಕ್ಕ ಕತ್ತಲೆಯಾಗಿ ಕಂಡರೆ ಷಟರಿನ ಎರಡನೆಯ ಪರದೆ ಮೊದಲನೆಯದನ್ನು ಬೆನ್ನಟ್ಟಿ ಹಿಡಿಯುತ್ತಿದೆ ಎಂದರ್ಥ. ಅಂಥ ಕ್ಯಾಮೆರಾದಲ್ಲಿ ಬಿಸಿಲಿನ ಚಿತ್ರಗಳೆಲ್ಲ ಅರ್ಧ ಕಪ್ಪಾಗಿ ಬರುತ್ತವೆ.

ಇಪ್ಪತ್ತು ಮೂವತ್ತು ಸಲ ಒತ್ತಿದರೆ ಷಟರ್ ಸರಿಹೋದಂತೆ ಕಾಣುವುದುಂಟು. ನಂಬಬೇಡಿ. ರಾತ್ರಿ ಇಟ್ಟು ಮರುದಿನ ಬೆಳಿಗ್ಗೆ ಮೊದಲ ಸಲ ಒತ್ತಿ ನೋಡಿ. ಕ್ಯಾಮೆರಾದ ನಿಜ ಸ್ಥಿತಿ ಆ ಮೊದಲ ಹೊಡೆತದಲ್ಲಿದೆ. ನೀವು ಫೋಟೋ ತೆಗೆಯಲು ಹೊರಟಾಗಲೂ ಅದು ಹಾಗೇ ತಣ್ಣಗೆ ಕೂತಿರುತ್ತದಲ್ಲ!

ಬಾಗಿಲಿನ ಅಂಚಿನ ಸಂದಿಗಳಲ್ಲಿ ಕಪ್ಪು ಸ್ಪಂಜು ಇರುತ್ತದೆ. ಬೆರಳಿಗೆ ಡಾಂಬರಿನಂತೆ ಅಂಟಿದರೆ ಅದರ ಆಯುಸ್ಸು ಮುಗಿದಿದೆ, ಬೆಳಕು ಸೋರಿ ಚಿತ್ರಗಳ ಮೇಲೆ ಕೆಂಪು-ಕಿತ್ತಳೆ ಬರೆ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಕಡ್ಡಿಯಿಂದ ಕೆರೆದು ತೆಗೆದು ಹೊಸ ಪಟ್ಟಿ ಅಂಟಿಸುವುದು ಮನೆಯಲ್ಲೇ ಆಗುವ ಕೆಲಸ. ಕನ್ನಡಿಯ ಮೇಲ್ಗಡೆಯೂ ಅದೇ ಸ್ಪಂಜಿನ ತುಂಡಿದೆ. ಅದರ ಪುಡಿ ಕನ್ನಡಿಯ ಮೇಲೆ ಬಿದ್ದರೆ ಬಟ್ಟೆಯಿಂದ ಒರೆಸಲು ಹೋಗಬೇಡಿ. ಇಲ್ಲಿನ ಕನ್ನಡಿಗೆ ಹೊಳಪಿನ ಲೇಪ ಗಾಜಿನ ಮುಂಬದಿಯಲ್ಲಿರುತ್ತದೆ, ಒರೆಸಿದರೆ ಎದ್ದುಬರುತ್ತದೆ. ಊದುವ ರಬ್ಬರ್ ಉಂಡೆ ಸಾಕು.

ಇಷ್ಟೂ ಸರಿಯಿದ್ದರೆ ಒಂದು ರೀಲು ಪರೀಕ್ಷೆಗೆಂದೇ ಖರ್ಚು ಮಾಡಿ. ಪ್ರತಿ ಚಿತ್ರದ ಸ್ಪೀಡ್, ಅಪರ್ಚರ್ ಬರೆದಿಟ್ಟುಕೊಳ್ಳಿ. ಮದುವೆಗೋ ಪ್ರವಾಸಕ್ಕೋ ಆ ಮೊದಲ ರೀಲನ್ನು ಒಯ್ಯಬೇಡಿ.

ಪ್ರಶ್ನೆ: ಹಳೆಯ ಕ್ಯಾಮೆರಾದೊಂದಿಗೆ, ಫೋಟೋ ತೆಗೆದು ಮುಗಿಸಿದ ಒಂದು ಕೊಡಾಕ್ರೋಮ್ ರೀಲು ಸಿಕ್ಕಿದೆ. ತೊಳೆಸಬಹುದೇ?

ಉತ್ತರ: ಬಣ್ಣದಲ್ಲಿ ಆಗುವುದಿಲ್ಲ. ಬೇರೆ ಬಣ್ಣದ ಫಿಲ್ಮುಗಳಲ್ಲಿ ಬಣ್ಣ ಹುಟ್ಟಿಸುವ ರಾಸಾಯನಿಕ ಫಿಲ್ಮಿನಲ್ಲೇ ಇರುತ್ತದೆ. ಕೊಡಾಕ್ರೋಮಿಗೆ ಮಾತ್ರ ಅದನ್ನು ತೊಳೆಯುವಾಗ ಹೊರಗಿನಿಂದ ಸೇರಿಸಬೇಕಿತ್ತು. 2009ರಲ್ಲಿ ಕೊಡಾಕ್ ಕಂಪನಿ ಈ ಫಿಲ್ಮ್ ತಯಾರಿಕೆ ನಿಲ್ಲಿಸಿತು. ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಊರಿನಲ್ಲಿದ್ದ ಕೊನೆಯ ಲ್ಯಾಬು 2010ರ ಡಿಸೆಂಬರ್ 30ರವರೆಗೆ ಮಾತ್ರ ರೀಲು ತೆಗೆದುಕೊಂಡಿತು. ಈಗ ಉಳಿದಿರುವುದು ಕಪ್ಪು ಬಿಳುಪಾಗಿ ತೊಳೆಸುವ ದಾರಿ. ಮುಸುಕು ಮುಸುಕಾಗಿ ಬಂದರೂ ಮುಖಗಳ ಗುರುತು ಹತ್ತುವುದುಂಟು. ಈ ಕೆಲಸ ಬಲ್ಲವರನ್ನು ಕೇಳಿಯೇ ಕೊಡಿ. ಸಾಮಾನ್ಯ ಕಲರ್ ಯಂತ್ರಕ್ಕೆ ಹಾಕಿಸಿದರೆ ಚಿತ್ರವೂ ಹೋಗುತ್ತದೆ, ಅವರ ದ್ರಾವಣವೂ ಹಾಳಾಗುತ್ತದೆ.

ಪ್ರಶ್ನೆ: ನನ್ನ ಎಪ್ಪತ್ತರ ದಶಕದ ಕ್ಯಾಮೆರಾಕ್ಕೆ 1.35 ವೋಲ್ಟಿನ ಮರ್ಕ್ಯುರಿ ಸೆಲ್ ಬೇಕಂತೆ, ಎಲ್ಲೂ ಸಿಗುತ್ತಿಲ್ಲ. ಅದೇ ಗಾತ್ರದ 1.5 ವೋಲ್ಟಿನದು ಹಾಕಿದೆ, ಬೆಳಕು ಅಳೆಯುವ ಮೀಟರಿನ ಮುಳ್ಳು ಆಡುತ್ತಿದೆ. ಸಾಕಲ್ಲವೇ?

ಉತ್ತರ: ಮುಳ್ಳು ಆಡುವುದೇ ಇಲ್ಲಿನ ಮೋಸ. ಪಾದರಸ ವಿಷವೆಂದು ಆ ಸೆಲ್‌ಗಳನ್ನು ನಿಲ್ಲಿಸಿದ್ದಾರೆ. ಆದರೆ ಅವಕ್ಕೊಂದು ಗುಣವಿತ್ತು: ಕೊನೆಯ ದಿನದವರೆಗೂ ವೋಲ್ಟೇಜು ಹೆಚ್ಚುಕಡಿಮೆ ಒಂದೇ. ಆಲ್ಕಲೈನ್ ಸೆಲ್ ಹೆಚ್ಚಿನಿಂದ ಶುರುವಾಗಿ ದಿನದಿನಕ್ಕೆ ಇಳಿಯುತ್ತದೆ. ಸೆಲ್ ಹೊಸದಿದ್ದಾಗ ಮೀಟರು ಇರುವುದಕ್ಕಿಂತ ಹೆಚ್ಚು ಬೆಳಕಿದೆ ಎನ್ನುತ್ತದೆ, ನೀವು ಕಡಿಮೆ ಬೆಳಕು ಕೊಡುತ್ತೀರಿ, ನೆಗೆಟಿವ್ ತೆಳ್ಳಗೆ ಬರುತ್ತದೆ. ನೆಗೆಟಿವ್ ಫಿಲ್ಮ್ ಹೆಚ್ಚು ಬೆಳಕನ್ನು ಸಹಿಸುತ್ತದೆ, ಕಡಿಮೆಯನ್ನಲ್ಲ.

ಶ್ರವಣ ಸಾಧನಗಳಿಗೆ ಹಾಕುವ 675 ನಂಬರಿನ ಝಿಂಕ್-ಏರ್ ಸೆಲ್ ವೋಲ್ಟೇಜಿನಲ್ಲಿ ಮರ್ಕ್ಯುರಿಗೆ ತೀರ ಹತ್ತಿರ. ಗಾತ್ರ ಚಿಕ್ಕದಾದ್ದರಿಂದ ಸುತ್ತ ಒಂದು ಬಳೆ ಬೇಕು. ಅಂಟುಪಟ್ಟಿ ಕಿತ್ತ ಮೇಲೆ ಗಾಳಿ ತಾಗುತ್ತಲೇ ಸವೆಯುವುದರಿಂದ ಬೇಗ ಬದಲಿಸಬೇಕಾಗುತ್ತದೆ, ಅಷ್ಟೇ ತೊಂದರೆ. ಎಲ್ಲ ಕ್ಯಾಮೆರಾಗಳಿಗೂ ಈ ರಗಳೆಯಿಲ್ಲ ಅನ್ನಿ. ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ಕಿನ ಮೀಟರು ವೋಲ್ಟೇಜ್ ಬದಲಾದರೂ ದಾರಿ ತಪ್ಪದಂತೆ ರಚನೆಯಾಗಿದೆ. ಒಲಿಂಪಸ್ ಟ್ರಿಪ್ 35ಕ್ಕೆ ಸೆಲ್ಲೇ ಬೇಡ, ಲೆನ್ಸ್ ಸುತ್ತಲಿನ ಸೆಲೆನಿಯಂ ತಾನೇ ವಿದ್ಯುತ್ ಹುಟ್ಟಿಸುತ್ತದೆ.

ಮೀಟರು ಪೂರ್ತಿ ಸತ್ತಿದ್ದರೆ ಬಿಸಿಲನ್ನೇ ನಂಬಿ. ನಿಚ್ಚಳ ಬಿಸಿಲಿಗೆ ಅಪರ್ಚರ್ ಎಫ್ 16, ಸ್ಪೀಡು ಫಿಲ್ಮಿನ ಐಎಸ್‌ಒ ಅಂಕಿಗೆ (ಫಿಲ್ಮು ಬೆಳಕಿಗೆ ಎಷ್ಟು ಚುರುಕು ಎಂದು ಹೇಳುವ ಅಂಕಿ) ಹತ್ತಿರದ್ದು: 200ರ ಫಿಲ್ಮಿಗೆ 1/250. ತೆಳುಮೋಡಕ್ಕೆ ಎಫ್ 11, ದಟ್ಟ ಮೋಡಕ್ಕೆ ಎಫ್ 8. ಒಂದು ತಿಂಗಳು ಹೀಗೇ ತೆಗೆದು ನೋಡಿ, ಮೀಟರಿನ ಚಿಂತೆಯೇ ಹೋದೀತು.

ಪ್ರಶ್ನೆ: ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳಿವೆ. ಬೇರೆ ಲೆನ್ಸುಗಳಿಗೂ ಹರಡುತ್ತದೆಯೇ?

ಉತ್ತರ: ಅದು ಫಂಗಸ್, ನಮ್ಮ ಮಾತಿನಲ್ಲಿ ಬೂಷ್ಟು. ಅದರ ಬೀಜಾಣುಗಳು ಎಲ್ಲ ಕಡೆಯ ಗಾಳಿಯಲ್ಲೂ ಇರುತ್ತವೆ, ಆದ್ದರಿಂದ ಪಕ್ಕದ ಲೆನ್ಸಿಗಿಂತ ಕಪಾಟಿನ ತೇವಕ್ಕೆ ಹೆದರಿ. ಗಾಳಿಯ ತೇವಾಂಶ ಶೇ 40ರಿಂದ 50ರಷ್ಟಿದ್ದರೆ ಬೂಷ್ಟಿಗೆ ಆಸ್ಪದವಿಲ್ಲ. ಚೆಂದವೆಂದು ಚರ್ಮದ ಚೀಲದಲ್ಲೇ ಇಡುವವರು ಬಹಳ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಚೀಲ ಬೇರೆ ಇಡಿ. ಹೊರಗಿನ ಗಾಜಿನ ಮೇಲಿದ್ದರೆ ಒರೆಸಿದರೆ ಹೋಗುತ್ತದೆ. ಒಳಗಿದ್ದರೆ ಬಿಚ್ಚಿಸಬೇಕು. ಬಹುಕಾಲ ಬಿಟ್ಟಿದ್ದರೆ ಅದು ಲೇಪವನ್ನೇ ಕೊರೆದಿರುತ್ತದೆ, ಆ ಕಲೆ ಹೋಗುವುದಿಲ್ಲ. ಹಾಗೆಂದು ಬಿಸಾಡಬೇಡಿ. ಎದುರು ಬೆಳಕು ಇಲ್ಲದ ಕಡೆ ಅಂಥ ಲೆನ್ಸಿನಲ್ಲಿ ತೆಗೆದ ಚಿತ್ರಕ್ಕೂ ಒಳ್ಳೆಯ ಲೆನ್ಸಿನದಕ್ಕೂ ವ್ಯತ್ಯಾಸ ಹೇಳಲು ನನಗೇ ಆಗುವುದಿಲ್ಲ.

ಪ್ರಶ್ನೆ: ಚಿನ್ನದ ಬಣ್ಣದ, ಹದ್ದಿನ ಮುದ್ರೆಯ, ಯುದ್ಧಕಾಲದ ಜರ್ಮನ್ ಕ್ಯಾಮೆರಾ ಲೈಕಾ ಒಂದು ಮಾರಾಟಕ್ಕಿದೆ. ಕೊಳ್ಳಲೇ?

ಉತ್ತರ: ಲೆನ್ಸ್ ತಿರುಗಿಸಿ ತೆಗೆದು, ಒಳಗೆ ಮೇಲ್ಗಡೆ ಇಣುಕುವ ಪುಟ್ಟ ತೋಳನ್ನು ನೋಡಿ. ಅದರ ತುದಿಯಲ್ಲಿ ಗುಂಡನೆಯ ಗಾಲಿ ಇದ್ದರೆ ಮುಂದಿನ ಮಾತು. ಗಾಲಿಯ ಬದಲು ಹನಿಯಾಕಾರದ ಲೋಹದ ತುಂಡಿದ್ದರೆ ಅದು ಸೋವಿಯತ್ ಕಾಲದ ಫೆಡ್ ಅಥವಾ ಝೋರ್ಕಿ. 1932ರ ಲೈಕಾ 2ನ್ನು ನೋಡಿ ಉಕ್ರೇನಿನ ಖಾರ್ಕಿವ್‌ನಲ್ಲಿ 1934ರಿಂದ ಫೆಡ್ ಮಾಡಿದರು, 1948ರಿಂದ ಝೋರ್ಕಿ ಬಂತು. ಅವನ್ನು ಉಜ್ಜಿ, ಬಣ್ಣ ಬಳಿದು, ಹದ್ದು ಕೆತ್ತಿ ಲೈಕಾ ಎಂದು ಮಾರುವ ಕಸುಬು ಹಳೆಯದು. ಚಿನ್ನದ ಬಣ್ಣ ಕಂಡೊಡನೆ ನಾನಂತೂ ಗಾಲಿ ನೋಡುವ ಶ್ರಮವನ್ನೂ ಪಡುವುದಿಲ್ಲ.

ಝೋರ್ಕಿ ಎಂದೇ ಗೊತ್ತಿದ್ದು, ಝೋರ್ಕಿಯ ಬೆಲೆಗೇ ಸಿಕ್ಕಿದರೆ ಧಾರಾಳವಾಗಿ ಕೊಳ್ಳಿ, ಗಟ್ಟಿ ಕ್ಯಾಮೆರಾ. ಷಟರ್ ಎಳೆದ ಮೇಲೆಯೇ ಸ್ಪೀಡ್ ಬದಲಿಸಿ. ಮೊದಲೇ ತಿರುಗಿಸಿದರೆ ಒಳಗೆ ಪೆಟ್ಟು ಬೀಳುವ ಮಾದರಿಗಳಿವೆ. ಬಿಸಿಲಲ್ಲಿ ಹೆಗಲಿಗೆ ಹಾಕಿಕೊಂಡು ತಿರುಗುವಾಗ ಲೆನ್ಸಿಗೆ ಮುಚ್ಚಳ ಇರಲಿ. ಇದರಲ್ಲಿ ಅಡ್ಡ ನಿಲ್ಲಲು ಕನ್ನಡಿ ಇಲ್ಲ, ಸೂರ್ಯನ ಬೆಳಕು ನೇರ ಬಟ್ಟೆಯ ಪರದೆಯ ಮೇಲೆ ಕೂಡಿ ತೂತು ಸುಡುತ್ತದೆ.