ಕತೆ ಬರೆಯುವುದನ್ನು ಯೂನಿವರ್ಸಿಟಿಯಲ್ಲಿ ಕಲಿಯಬಹುದಾ?

ಮಗಳು ಬಿ.ಎ. ಮುಗಿಸಿ, ಕತೆ ಬರೆಯುವುದನ್ನೇ ಎಂ.ಎ. ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ, ಅಂಥ ಕೋರ್ಸ್ ಓದಿ ನಿಜವಾಗಿ ಲೇಖಕರಾದವರು ಯಾರಾದರೂ ಇದ್ದಾರಾ ಎಂದು ಕೇಳಿದ್ದೀರಿ.

ಇದ್ದಾರೆ. ಒಬ್ಬಿಬ್ಬರಲ್ಲ. ಅಮೆರಿಕದ ಅಯೋವಾ ಯೂನಿವರ್ಸಿಟಿಯಲ್ಲಿ 1936ರಿಂದ ಇಂಥ ತರಗತಿ ನಡೆಯುತ್ತಿದೆ. ಆದರೆ ನಾನು ಇಂಗ್ಲೆಂಡಿನ ನಾರ್ವಿಚ್ ಬಗ್ಗೆ ಹೇಳುತ್ತೇನೆ. ಅಲ್ಲಿಯ ಕೋರ್ಸ್ ಕಟ್ಟಿದ ಮೇಷ್ಟ್ರಿಗೂ ನಮ್ಮ ಒಂದು ಕನ್ನಡ ಕಾದಂಬರಿಗೂ ನಂಟಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾರ್ವಿಚ್‌ನಲ್ಲಿರುವುದು ಯೂನಿವರ್ಸಿಟಿ ಆಫ್ ಈಸ್ಟ್ ಆಂಗ್ಲಿಯಾ. 1970ರಲ್ಲಿ ಮಾಲ್ಕಮ್ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ ಎಂಬ ಇಬ್ಬರು ಕಾದಂಬರಿಕಾರರು ಅಲ್ಲಿ ಇದನ್ನು ಶುರು ಮಾಡಿದರು. ಸಾಹಿತ್ಯದ ಎಂ.ಎ. ಓದುತ್ತಲೇ ಒಂದು ಭಾಗಕ್ಕೆ ಪ್ರಬಂಧದ ಬದಲು ಸ್ವಂತ ಕತೆ ಕೊಡಬಹುದಿತ್ತು, ಅಷ್ಟೇ. ಮೊದಲ ವರ್ಷ ಒಬ್ಬರೂ ಅರ್ಜಿ ಹಾಕಲಿಲ್ಲ. ಆಗ ಒಬ್ಬ ಹುಡುಗ ಫೋನ್ ಮಾಡಿದ. ಫೋನ್ ಸೀದಾ ಬ್ರಾಡ್‌ಬರಿಗೇ ಹೋಯಿತು. ಯಾರೂ ಸೇರದ್ದರಿಂದ ಕತೆಯ ಭಾಗವನ್ನು ಕೈಬಿಟ್ಟಿದ್ದೇವೆ ಎಂದರು ಅವರು. ನಾನು ಅರ್ಜಿ ಹಾಕಿದರೆ ಎಂದು ಹುಡುಗ ಕೇಳಿದ. ಬಾ, ಮಾತಾಡೋಣ ಎಂದರು. ಆ ಹುಡುಗ ಇಯಾನ್ ಮೆಕ್‌ಇವಾನ್. ಮುಂದೆ 1998ರಲ್ಲಿ ಬೂಕರ್ ಪ್ರಶಸ್ತಿ ಪಡೆದವರು.

ಅವರಿಗೆ ಅಲ್ಲಿ ದಿನವೂ ಪಾಠ ಇರಲಿಲ್ಲ. ಕೆಲವು ವಾರಕ್ಕೊಮ್ಮೆ ಬ್ರಾಡ್‌ಬರಿ ಸಿಗುತ್ತಿದ್ದರು, ಕೊಟ್ಟ ಕತೆಯ ಬಗ್ಗೆ ಸ್ವಲ್ಪ ಹೊತ್ತು ಮಾತಾಡುತ್ತಿದ್ದರು. ಆದರೂ ಆ ಒಂದೇ ವರ್ಷದಲ್ಲಿ ಮೆಕ್‌ಇವಾನ್ ಇಪ್ಪತ್ತಕ್ಕೂ ಜಾಸ್ತಿ ಕತೆ ಬರೆದರು. ಓದಲು ಒಬ್ಬರು ಕಾಯುತ್ತಿದ್ದಾರೆ ಎಂದು ಗೊತ್ತಾದರೆ ಕೈ ಹೇಗೆ ಓಡುತ್ತದೆ ನೋಡಿ.

ನನಗೆ ಇದು ಸ್ವಂತ ಅನುಭವದಿಂದ ಗೊತ್ತು. ನಾನು ಹೈಸ್ಕೂಲ್ ಮೇಷ್ಟ್ರು. ವರ್ಷಗಟ್ಟಲೆ ಒಬ್ಬನೇ ಕೂತು ಬರೆದೆ. ಓದಿದವರೆಲ್ಲ "ಚೆನ್ನಾಗಿದೆ ಸಾರ್" ಎನ್ನುತ್ತಿದ್ದರು. ಒಮ್ಮೆ ಒಬ್ಬ ಹಿರಿಯ ಸಹೋದ್ಯೋಗಿ ಮಾತ್ರ ಪೆನ್ಸಿಲ್ ಹಿಡಿದು ಓದಿ, ನಾಲ್ಕನೇ ಪುಟದ ಅಂಚಿನಲ್ಲಿ "ಕತೆ ಇಲ್ಲಿಂದ ಶುರು" ಎಂದು ಬರೆದು ಕೊಟ್ಟರು. ಆ ಹಾಳೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಇನ್ನು ಕಜುವೊ ಇಶಿಗುರೊ. ಹುಟ್ಟಿದ್ದು ಜಪಾನಿನ ನಾಗಸಾಕಿಯಲ್ಲಿ, ಐದು ವರ್ಷಕ್ಕೇ ಇಂಗ್ಲೆಂಡಿಗೆ ಬಂದವರು. 1979ರಲ್ಲಿ ಬೆನ್ನಿಗೊಂದು ಚೀಲ, ಒಂದು ಗಿಟಾರ್, ಒಂದು ಸಣ್ಣ ಟೈಪ್‌ರೈಟರ್ ಹಿಡಿದು ಈ ಕೋರ್ಸಿಗೆ ಬಂದರು. ಬಾಡಿಗೆ ರೂಮು ಬಕ್ಸ್‌ಟನ್ ಎಂಬ ಹಳ್ಳಿಯಲ್ಲಿ. ಅಲ್ಲಿಂದ ನಾರ್ವಿಚ್‌ಗೆ ದಿನಕ್ಕೆ ಮೂರೇ ಬಸ್ಸು. ಕ್ಲಾಸಿಗೆ ಹೋಗಬೇಕಾಗಿದ್ದು ವಾರಕ್ಕೆ ಎರಡೇ ಸಲ. ಉಳಿದ ದಿನವೆಲ್ಲ ಸುಮ್ನೆ ಆ ರೂಮು, ಹೊರಗೆ ಚಪ್ಪಟೆ ಹೊಲಗಳು. ಬಂದ ಮೂರ್ನಾಲ್ಕು ವಾರದಲ್ಲೇ, ಒಂದು ರಾತ್ರಿ, ಇದ್ದಕ್ಕಿದ್ದಂತೆ, ತಾನು ಬಿಟ್ಟು ಬಂದ ನಾಗಸಾಕಿಯ ಬಗ್ಗೆ ಬರೆಯಲು ಶುರು ಮಾಡಿದರು ಎಂದು ಅವರೇ ನೊಬೆಲ್ ಭಾಷಣದಲ್ಲಿ ಹೇಳಿದ್ದಾರೆ. 1982ರಲ್ಲಿ ಬಂದ ಮೊದಲ ಕಾದಂಬರಿಯ ಬೇರು ಅಲ್ಲಿದೆ. ಬ್ರಾಡ್‌ಬರಿ ಜೊತೆಗೆ ಲೇಖಕಿ ಏಂಜೆಲಾ ಕಾರ್ಟರ್ ಕೂಡ ಅವರಿಗೆ ಮೇಷ್ಟ್ರಾಗಿದ್ದರು. 1989ರಲ್ಲಿ ಬೂಕರ್, 2017ರಲ್ಲಿ ನೊಬೆಲ್.

ಆಮೇಲೆ ಬಂದವರು ತುಂಬಾ ಜನ. ಐರ್ಲೆಂಡಿನ ಆನ್ ಎನ್‌ರೈಟ್ 2007ರಲ್ಲಿ ಬೂಕರ್ ಗೆದ್ದರು. ಪಾಕಿಸ್ತಾನದ ಮೊಹಮ್ಮದ್ ಹನೀಫ್ ವಾಯುಪಡೆ ಬಿಟ್ಟು, ಪತ್ರಕರ್ತರಾಗಿ, ಆಮೇಲೆ ಇಲ್ಲಿಗೆ ಬಂದವರು. ಮುಂಬೈ ಬಗ್ಗೆ ಬರೆದ ಅಂಜಲಿ ಜೋಸೆಫ್, ಕೇರಳದ ದೀಪಾ ಆನಪ್ಪಾರ ಕೂಡ ಅಲ್ಲಿ ಓದಿದವರೇ.

ಈಗ ಕನ್ನಡದ ನಂಟು. ಬ್ರಾಡ್‌ಬರಿ ನಾರ್ವಿಚ್‌ಗೆ ಹೋಗುವ ಮುಂಚೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಾಠ ಮಾಡುತ್ತಿದ್ದರು. ಅಲ್ಲಿ ಪಿಎಚ್.ಡಿ. ಮಾಡಲು 1963ರಲ್ಲಿ ಬಂದವರು ನಮ್ಮ ಯು.ಆರ್. ಅನಂತಮೂರ್ತಿ. ಒಂದು ಸಂಜೆ ಇಬ್ಬರೂ ಸೇರಿ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಎಂಬ, ಮಧ್ಯಯುಗದಲ್ಲಿ ನಡೆಯುವ ಕತೆಯ ಸಿನಿಮಾ ನೋಡಿದರು. ಸಬ್‌ಟೈಟಲ್ ಇರಲಿಲ್ಲ. ಆಮೇಲೆ ಬಂದ ಮಾತು ಇದು: ಯುರೋಪಿನವರು ಮಧ್ಯಯುಗವನ್ನು ಪುಸ್ತಕ ಓದಿ ಕಟ್ಟಿಕೊಳ್ಳಬೇಕು, ಭಾರತದವನಿಗೆ ಅದು ಇನ್ನೂ ಕಣ್ಣೆದುರಿಗೇ ಬದುಕುತ್ತಿದೆ. ಆ ಮಾತಿನ ಬೆನ್ನಲ್ಲೇ, ಊರಿನಿಂದ ಅಷ್ಟು ದೂರದಲ್ಲಿ, ಅನಂತಮೂರ್ತಿ 'ಸಂಸ್ಕಾರ' ಬರೆದರು. ಅದು ಪ್ರಕಟವಾದದ್ದು 1965ರಲ್ಲಿ. ಈ ಕೋರ್ಸ್ ಹುಟ್ಟುವುದಕ್ಕೂ ಐದು ವರ್ಷ ಮುಂಚೆ!

ಯೋಚನೆ ಮಾಡಿ. ಬ್ರಾಡ್‌ಬರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ವಾಕ್ಯ ತಿದ್ದಲು ಸಾಧ್ಯವೇ ಇರಲಿಲ್ಲ. ಜೊತೆಗೆ ಕೂತು ಸಿನಿಮಾ ನೋಡಿದರು, ಮಾತಾಡಿದರು. ಮೆಕ್‌ಇವಾನ್‌ಗೂ ಅವರು ಕೊಟ್ಟಿದ್ದು ಹೆಚ್ಚೂಕಡಿಮೆ ಅದನ್ನೇ ಅಲ್ವಾ? ಹಾಗಾಗಿ ಕಲಿಸಬಹುದಾ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗೆ: ವಾಕ್ಯ ಕಟ್ಟುವುದನ್ನು ಆ ಕೋರ್ಸ್ ಅಷ್ಟಾಗಿ ಕಲಿಸುವುದಿಲ್ಲ. ಒಂದು ವರ್ಷದ ಬಿಡುವು ಕೊಡುತ್ತದೆ, ಬರೆದದ್ದನ್ನು ಗಂಭೀರವಾಗಿ ತೆಗೆದುಕೊಳ್ಳುವ ಒಬ್ಬ ಓದುಗನನ್ನು ಕೊಡುತ್ತದೆ. ಮಗಳ ಹಟ ತಪ್ಪಲ್ಲ ಎಂದೇ ನನಗೆ ಅನಿಸುತ್ತದೆ.

ಒಂದೆರಡು ವಿಷಯ ಮಾತ್ರ ನೋಡಿಕೊಳ್ಳಿ. ವಿದೇಶಿ ವಿದ್ಯಾರ್ಥಿಗಳಿಗೆ ಫೀಸು ತುಂಬಾ ಜಾಸ್ತಿ, ಹಾಗಾಗಿ ಸ್ಕಾಲರ್‌ಶಿಪ್ ಹುಡುಕುವ ಕೆಲಸ ಈಗಲೇ ಶುರುವಾಗಲಿ. ಅಲ್ಲಿ ಬರೆಯಬೇಕಾಗಿರುವುದು ಇಂಗ್ಲಿಷಿನಲ್ಲಿ. ಅವಳಿಗೆ ಕತೆ ಕನ್ನಡದಲ್ಲೇ ಬರುವುದಾದರೆ, ಆ ಮಾತನ್ನು ನೀವಲ್ಲ, ಅವಳೇ ಯೋಚಿಸಿ ಹೇಳಲಿ. ಅರ್ಜಿಯ ಜೊತೆ ಸ್ವಂತ ಬರಹದ ಮಾದರಿಯನ್ನೂ ಕೇಳುತ್ತಾರೆ. ಹಾಗಾಗಿ ಈಗಿನಿಂದಲೇ ಎರಡು ಕತೆ ಪೂರ್ತಿ ಮುಗಿಸಲು ಹೇಳಿ. ಮುಗಿಸಿದ ಮೇಲೆ ಒಂದನ್ನು ನೀವು ಓದಿ, ಕೈಯಲ್ಲಿ ಪೆನ್ಸಿಲ್ ಇಟ್ಟುಕೊಂಡು.