ಮಾರ್ಕೆಟ್ ಅಜ್ಜಿ "ಲೆಂಗ್ ಜೈ" ಅಂದರೆ ಬೇಜಾರಾಗಬೇಡ

ತಮ್ಮಾ, ಹಾಂಗ್ ಕಾಂಗಿಗೆ ಬಂದು ಹದಿನೈದು ದಿನ ಆಯ್ತು, ಸೊಪ್ಪು ಮಾರುವ ಅಜ್ಜಿ ದಿನಾ "ಲೆಂಗ್ ಜೈ" ಅಂತಾರೆ, ಗೇಲಿನಾ, ಆಫೀಸಿನ ಹುಡುಗರನ್ನು ನಾನೂ ಹಾಗೆ ಕರೆಯಬಹುದಾ ಅಂತ ಕೇಳಿದ್ದೀಯ.

ಗೇಲಿ ಅಲ್ಲ. ಚೆಂದದ ಹುಡುಗ ಅಂತ ಅರ್ಥ, ಹೆಣ್ಣುಮಕ್ಕಳಿಗೆ "ಲೆಂಗ್ ನೊಯ್". ನಮ್ಮ ಸಂತೆಯಲ್ಲಿ ಕಂಡವರನ್ನೆಲ್ಲ "ಬನ್ನಿ ಅಣ್ಣಾ, ಬನ್ನಿ ಅಕ್ಕಾ" ಅನ್ನಲ್ವಾ, ಹಾಗೆ. ಇಲ್ಲಿನ ಚಾ ಚಾನ್ ತೆಂಗ್ ಹೋಟೆಲುಗಳಲ್ಲಿ ಬರೀ ಅನ್ನಕ್ಕೂ "ಲೆಂಗ್ ಜೈ" ಅಂತಾರೆ, ಬಿಳಿ ಗಂಜಿಗೆ "ಲೆಂಗ್ ನೊಯ್". ತಲೆ ನರೆತ ನನ್ನನ್ನೂ ಹಾಗೆ ಕರೆಯುತ್ತಾರೆ, ಖುಷಿಯಾಗುತ್ತೆ.

ಆದರೆ ನೀನು ಅನ್ನೋಕೆ ಹೋಗಬೇಡ. ಇಲ್ಲಿನ ಮಾತು ಕ್ಯಾಂಟನೀಸ್‌ನಲ್ಲಿ 6 ಸ್ವರ, ದನಿಯ ಏರಿಳಿತ ಬದಲಾದರೆ ಪದದ ಅರ್ಥವೇ ಬೇರೆ. "ಲೆಂಗ್" ಅನ್ನೋದನ್ನು ಮಧ್ಯದ ಸ್ವರದಲ್ಲಿ ಅಂದರೆ ಚೆಂದ. ಅದನ್ನೇ ಎತ್ತರಿಸಿ ಅಂದರೆ, ಮೀಸೆ ಚಿಗುರದ ಪಡ್ಡೆ, ಲೆಕ್ಕಕ್ಕಿಲ್ಲದವನು ಅನ್ನೋ ತಾತ್ಸಾರ.

ನಾನು 2012ರಲ್ಲಿ ಬಂದೆ. ಪಕ್ಕದ ಮನೆಯಲ್ಲಿ ಹದಿನಾರರ ಹುಡುಗ ಇದ್ದ. ಚೀನೀ ಅಕ್ಷರದಲ್ಲಿ ಬಂದ ಕಾಗದಗಳನ್ನೆಲ್ಲ ಬಾಗಿಲಲ್ಲೇ ನಿಂತು ಓದಿ ಹೇಳುತ್ತಿದ್ದ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು. ಒಂದು ಸಂಜೆ ಲಿಫ್ಟಿನಲ್ಲಿ ಅವನು, ಅವನ ಅಪ್ಪ, ಅವನ ಇಬ್ಬರು ಗೆಳೆಯರು, ನಾನು. ಅವನನ್ನು ಹೊಗಳಬೇಕು ಅಂತ ಆಸೆಯಿಂದ ಜೋರಾಗಿ "ಲೆಂಗ್ ಜೈ" ಅಂದುಬಿಟ್ಟೆ, ಎತ್ತರದ ಸ್ವರದಲ್ಲಿ. ಗೆಳೆಯರು ನಕ್ಕರು. ಅವನು ಲಿಫ್ಟಿನ ಬಟನ್ ನೋಡುತ್ತಾ ನಿಂತ, ಕಿವಿ ಕೆಂಪಾಗಿತ್ತು. ಪರೀಕ್ಷೆಯಲ್ಲಿ ಮಾರ್ಕ್ಸ್ ಕಡಿಮೆ ಬಂತು ಅಂತ ಮನೆಯಲ್ಲಿ ಅದೇ ಮಾತು ದಿನಾ ಬೀಳುತ್ತಿತ್ತಂತೆ. ನನಗೆ ಗೊತ್ತಾಗಿದ್ದು ತಿಂಗಳಾದ ಮೇಲೆ, ಆಫೀಸಿನವರೊಬ್ಬರು ನನ್ನ ಉಚ್ಚಾರ ತಿದ್ದಿದಾಗ. ಅಷ್ಟರಲ್ಲಿ ಅವನು ಬಾಗಿಲಿಗೆ ಬರೋದು ಬಿಟ್ಟಿದ್ದ. ಹತ್ತು ಹೆಜ್ಜೆ ದೂರದ ಬಾಗಿಲು ತಟ್ಟಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೆ ಅವರು ಮನೆ ಬದಲಿಸಿದರು.

ಆಫೀಸಿನಲ್ಲಿ ಹೆಸರು ಹಿಡಿದೇ ಕರೆ. ಮೂರನೆಯವರ ಬಗ್ಗೆ ಮಾತಾಡುವಾಗ "ಹೌ ಸಾಂಗ್ ಜೈ" ಅನ್ನಬಹುದು, ಹುಡುಗ ಅಂತಷ್ಟೇ. "ಫೈ ಚಿಂಗ್" ಅಂತ ಬಾಯಿತಪ್ಪಿಯೂ ಬೇಡ, ದಂಡಪಿಂಡ ಅಂದ ಹಾಗೆ. ಅಜ್ಜಿ ಸೊಪ್ಪು ಕೈಗಿಟ್ಟಾಗ ನಕ್ಕು "ಮ್ ಗೋಯ್", ಅಂದರೆ ಥ್ಯಾಂಕ್ಸ್, ಅನ್ನು, ಸಾಕು.