ಚಪ್ಪಾಳೆ ತಟ್ಟುವವರಿಂದ ಯಾರೂ ದುಡ್ಡು ಇಸಿದುಕೊಳ್ಳುವುದಿಲ್ಲ

ಓದುಗರ ಪತ್ರ:

ನಮ್ಮ ಅತ್ತೆಗೆ 74 ವರ್ಷ. ಶಿರಸಿ ಕಡೆಯವರು. ಮಾವ ತೀರಿಕೊಂಡ ಮೇಲೆ ಇಲ್ಲಿ ನಮ್ಮ ಜೊತೆಗೇ ಇದ್ದಾರೆ. ಹಿಂದಿ ಅರ್ಧಂಬರ್ಧ ಬರುತ್ತದೆ. ಆದರೂ ರಾತ್ರಿ ಒಂಬತ್ತಾದರೆ ‘ಕೌನ್ ಬನೇಗಾ ಕರೋಡ್‌ಪತಿ’ ತಪ್ಪಿಸುವುದಿಲ್ಲ. ಒಂದು ಸಲ ಅಲ್ಲೇ ಕೂತು ನೋಡಬೇಕು ಅಂತ ಆಸೆ. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರು ಲೈವ್ ಶೋ ಟಿಕೆಟ್ ಇದೆ, ಒಂದಕ್ಕೆ 3,000 ರೂಪಾಯಿ ಅಂದರು. ಎರಡು ಟಿಕೆಟಿಗೆ 2,000 ಮುಂಗಡ ಕಳಿಸಿದೆ. ಈಗ ಗೇಟ್ ಪಾಸ್ ಚಾರ್ಜ್ ಅಂತ ಇನ್ನೂ ಕೇಳುತ್ತಿದ್ದಾರೆ. ಅತ್ತೆಗೆ ಟಿಕೆಟ್ ಸಿಕ್ಕಿತು ಅಂತ ಹೇಳಿಬಿಟ್ಟಿದ್ದೇನೆ. ಸರಿಯಾದ ದಾರಿ ಯಾವುದು? ನನ್ನ ಹೆಸರು ಹಾಕಬೇಡಿ.
ಓದುಗರೊಬ್ಬರು, ಡೊಂಬಿವಲಿ

ಸಂಪಾದಕರ ಉತ್ತರ:

ಸೋದರಿ, ನಮಸ್ಕಾರ.

ನಿಮ್ಮ ಪತ್ರ ಬಂದ ದಿನವೇ ಫೋನ್ ಮಾಡಿ ಎರಡು ಮಾತು ಹೇಳಿದ್ದೆ. ಇನ್ನು ಒಂದು ರೂಪಾಯಿಯನ್ನೂ ಕಳಿಸಬೇಡಿ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಅದನ್ನೇ ಇಲ್ಲಿ ಮತ್ತೆ ಬರೆಯುತ್ತಿರುವುದು ಉಳಿದ ಓದುಗರಿಗಾಗಿ. ಹಣ ಹೋಯಿತು ಎಂದು ಗೊತ್ತಾದ ಕೂಡಲೇ 1930ಕ್ಕೆ ಹೇಳಿದರೆ, ಆ ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ಬ್ಯಾಂಕಿನವರು ತಡೆಯುವ ಸಾಧ್ಯತೆ ಇರುತ್ತದೆ. ಎರಡು ದಿನ ಬಿಟ್ಟು ಹೇಳಿದರೆ ಆ ಸಾಧ್ಯತೆ ತುಂಬಾ ಕಡಿಮೆ. ಚಾಟ್, ಹಣ ಕಳಿಸಿದ ರಸೀದಿ, ಆ ನಂಬರು, ಯಾವುದನ್ನೂ ಅಳಿಸಬೇಡಿ. ಕೊಟ್ಟದ್ದನ್ನು ವಾಪಸ್ ಹಾಕುತ್ತೇವೆ, ಪಿನ್ ಒತ್ತಿ ಎಂದರೆ ಒತ್ತಲೇಬೇಡಿ. ಹಣ ನಮ್ಮ ಖಾತೆಗೆ ಬರುವುದಕ್ಕೆ ಪಿನ್ ಬೇಕಾಗುವುದಿಲ್ಲ. ಪಿನ್ ಕೇಳುತ್ತದೆ ಎಂದರೆ ಹಣ ಹೋಗುತ್ತಿದೆ ಎಂದೇ ಅರ್ಥ.

ಪತ್ರದ ಕೊನೆಗೆ ನೀವು ನಿಮ್ಮನ್ನೇ ಬೈದುಕೊಂಡಿದ್ದೀರಿ. ಆ ಸಾಲನ್ನು ನಾನು ಅಚ್ಚು ಹಾಕಿಲ್ಲ. ಅತ್ತೆಯ ಆಸೆ ತೀರಿಸಲು ಹೊರಟ ಸೊಸೆ ನೀವು. ಇದರಲ್ಲಿ ನಿಮ್ಮ ತಪ್ಪೇನಿದೆ? ಇದೇ ಶೋ ಹೆಸರಿನಲ್ಲಿ 25 ಲಕ್ಷದ ಲಾಟರಿ ಬಂದಿದೆ ಎಂಬ ಮೆಸೇಜು ಎಷ್ಟೋ ವರ್ಷಗಳಿಂದ ದೇಶದ ತುಂಬಾ ಓಡಾಡುತ್ತಿದೆ. ಪೊಲೀಸರು ಎಷ್ಟು ಸಲ ಎಚ್ಚರಿಸಿದರೂ ನಿಂತಿಲ್ಲ. ಓದಿದವರು, ದೊಡ್ಡ ಕೆಲಸದಲ್ಲಿರುವವರು, ಎಲ್ಲರೂ ಬಿದ್ದಿದ್ದಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಂಥ ಶೋಗಳ ಪ್ರೇಕ್ಷಕರ ಪಾಸ್ ಮಾರಾಟಕ್ಕೆ ಇರುವುದಿಲ್ಲ. ಅದಕ್ಕೆ ಬೆಲೆಯೇ ಇಲ್ಲ. 2024ರಲ್ಲಿ ಕಪಿಲ್ ಶರ್ಮಾ ಅವರ ಶೋಗೆ ಟಿಕೆಟ್ 4,999 ರೂಪಾಯಿ ಎಂಬ ಜಾಹೀರಾತು ಹರಿದಾಡಿದಾಗ, ಇದು ಮೋಸ, ಪ್ರೇಕ್ಷಕರಿಂದ ನಾವು ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಅವರೇ ಎಲ್ಲರ ಎದುರು ಹೇಳಬೇಕಾಯಿತು.

ಯಾಕೆ ಮಾರುವುದಿಲ್ಲ ಎಂದು ತಿಳಿದರೆ ಮುಂದೆ ಯಾರೂ ನಿಮ್ಮನ್ನು ಮೋಸ ಮಾಡಲಾರರು. ಸಿನಿಮಾ ಥಿಯೇಟರಿನಲ್ಲಿ ನಾವು ಗಿರಾಕಿಗಳು. ಟಿ.ವಿ. ಸ್ಟುಡಿಯೋದಲ್ಲಿ ಹಾಗಲ್ಲ. ಅಲ್ಲಿ ನಾವೂ ಕಾರ್ಯಕ್ರಮದ ಒಂದು ಭಾಗ. ನಮ್ಮ ನಗು, ನಮ್ಮ ಚಪ್ಪಾಳೆ, ನಮ್ಮ ಮುಖ ಅವರಿಗೆ ಬೇಕು. 2020ರಲ್ಲಿ ಕೋವಿಡ್‌ನಿಂದಾಗಿ ‘ಕರೋಡ್‌ಪತಿ’ ಸೆಟ್ಟಿನಲ್ಲಿ ಪ್ರೇಕ್ಷಕರೇ ಇರಲಿಲ್ಲ, ನೆನಪಿದೆಯಾ? ಆ ವರ್ಷ, ಉತ್ತರ ಗೊತ್ತಾಗದ ಸ್ಪರ್ಧಿ ಪ್ರೇಕ್ಷಕರನ್ನು ಕೇಳುವ ಲೈಫ್‌ಲೈನ್ ತೆಗೆದು, ಗೆಳೆಯರಿಗೆ ವಿಡಿಯೋ ಕರೆ ಮಾಡುವ ಲೈಫ್‌ಲೈನ್ ಇಟ್ಟರು. ಕಪಿಲ್ ಶೋದವರು ಖಾಲಿ ಕುರ್ಚಿಗಳಲ್ಲಿ ಜನರ ಕಟೌಟ್ ನಿಲ್ಲಿಸಿದರು. ಜನ ಇಲ್ಲದಿದ್ದರೆ ಶೋ ಅಷ್ಟು ಬಿಕೋ ಅನ್ನುತ್ತದೆ. ಮುಂಬೈಯಲ್ಲಿ ಕುರ್ಚಿ ತುಂಬಿಸಲು ದಿನಗೂಲಿ ಕೊಟ್ಟು ಜನರನ್ನು ಕರೆಸುವ ಪದ್ಧತಿಯೂ ಇದೆ. ಕಾಲೇಜು ಹುಡುಗರು, ಮನೆ ನಡೆಸುವ ಹೆಂಗಸರು ಎಷ್ಟೋ ಜನ ಆ ಕೆಲಸಕ್ಕೆ ಹೋಗುತ್ತಾರೆ. ಕಷ್ಟದ ದುಡಿಮೆ ಅದು, ಗೌರವದ ದುಡಿಮೆ. ಅಂದರೆ ಈ ಊರಿನಲ್ಲಿ ಚಪ್ಪಾಳೆ ತಟ್ಟುವವರಿಗೆ ದುಡ್ಡು ಕೊಡುತ್ತಾರೆ. ತಟ್ಟುವವರಿಂದ ಇಸಿದುಕೊಳ್ಳುವುದಿಲ್ಲ.

‘ಲೈವ್’ ಎಂಬ ಮಾತೂ ಗಮನಿಸಿ. ಜನರೆದುರು ನಡೆಯುತ್ತದೆ ಎಂಬ ಅರ್ಥದಲ್ಲಿ ಲೈವ್ ಅನ್ನುತ್ತಾರೆ, ಅಷ್ಟೇ. ನೀವು ರಾತ್ರಿ ಒಂಬತ್ತಕ್ಕೆ ನೋಡುವ ಕಂತು ಮೊದಲೇ ಚಿತ್ರೀಕರಣ ಆಗಿರುತ್ತದೆ. ಇವತ್ತು ರಾತ್ರಿ ಒಂಬತ್ತರ ಶೋಗೆ ಟಿಕೆಟ್ ಇದೆ ಎಂದು ಯಾರಾದರೂ ಹೇಳಿದರೆ ಅಲ್ಲೇ ಅನುಮಾನ ಪಡಿ. ಇನ್ನೊಂದು ಗೊಂದಲವೂ ಇದೆ. ಇಂಥ ಶೋಗಳ ಚಿತ್ರೀಕರಣ ನಡೆಯುವ ಗೋರೆಗಾಂವ್ ಪೂರ್ವದ ಫಿಲ್ಮ್ ಸಿಟಿಯನ್ನು ಬಸ್ಸಿನಲ್ಲಿ ಸುತ್ತಿಸಿ ತೋರಿಸುವ ಟೂರ್‌ಗೆ ಟಿಕೆಟ್ ಇದೆ, ಹಣ ಕೊಡಬೇಕು. ಅದು ಬೇರೆ. ಆ ಟಿಕೆಟ್ ಹಿಡಿದು ಶೋ ಒಳಗೆ ಹೋಗಲು ಆಗುವುದಿಲ್ಲ.

ಹಾಗಾದರೆ ಒಳಗೆ ಹೋಗುವುದು ಹೇಗೆ? ಹಾಟ್ ಸೀಟಿಗೆ, ಅಂದರೆ ಸ್ಪರ್ಧಿಯ ಕುರ್ಚಿಗೆ, ಆಯ್ಕೆಯಾದವರ ಜೊತೆ ಮನೆಯವರು ಹೋಗುತ್ತಾರೆ. ಅದು ನಮ್ಮ ಕೈಯಲ್ಲಿಲ್ಲ. ಚಾನೆಲ್ಲಿನ ಆ್ಯಪ್‌ನಲ್ಲೋ ಅವರ ಅಧಿಕೃತ ಪುಟಗಳಲ್ಲೋ ಪ್ರಕಟಣೆ ಬಂದರೆ ಹೆಸರು ಕೊಡಬಹುದು. ಆದರೆ ನಮ್ಮಂಥವರಿಗೆ ನಿಜವಾಗಿ ಕೈಗೆಟುಕುವ ದಾರಿ ಬೇರೆ. ಪ್ರತಿ ಶೋದಲ್ಲೂ ಪ್ರೇಕ್ಷಕರನ್ನು ಕರೆತರುವ ಜವಾಬ್ದಾರಿ ಹೊತ್ತವರು ಇರುತ್ತಾರೆ, ಆಡಿಯೆನ್ಸ್ ಕೋಆರ್ಡಿನೇಟರ್ ಅನ್ನುತ್ತಾರೆ. ಅವರಿಗೆ ಒಬ್ಬಿಬ್ಬರಿಗಿಂತ ಇಪ್ಪತ್ತು ಮೂವತ್ತು ಜನರ ಗುಂಪು ಸಿಕ್ಕರೆ ಅನುಕೂಲ. ಕಾಲೇಜು, ಆಫೀಸು, ಮಹಿಳಾ ಮಂಡಳಿಗಳಿಂದ ಕರೆಸುತ್ತಾರೆ. ನೀವು ಕನ್ನಡ ಸಂಘದ ಮಹಿಳಾ ವಿಭಾಗದಲ್ಲಿದ್ದೀರಿ ಎಂದು ಬರೆದಿದ್ದೀರಲ್ಲ, ಅದೇ ನಿಮ್ಮ ಬಲ. ಸಂಘದ ಲೆಟರ್‌ಹೆಡ್‌ನಲ್ಲಿ ಕಾರ್ಯದರ್ಶಿಯವರಿಂದ ಒಂದು ಪತ್ರ ಬರೆಸಿ. ಎಷ್ಟು ಜನ, ಯಾರ ವಯಸ್ಸೆಷ್ಟು, ಯಾವ ದಿನಗಳಲ್ಲಿ ಬರಬಹುದು, ಮೆಟ್ಟಿಲು ಹತ್ತಲು ಕಷ್ಟ ಇರುವವರು ಯಾರು, ಎಲ್ಲ ಇರಲಿ. ಅದನ್ನು ಕಾರ್ಯಕ್ರಮ ತಯಾರಿಸುವ ಸಂಸ್ಥೆಗೆ ಕಳಿಸಿ, ಆಮೇಲೆ ಬಿಡದೆ ವಿಚಾರಿಸುತ್ತಿರಿ. 2022ರಿಂದ 2025ರವರೆಗೆ ನಾಲ್ಕೂ ವರ್ಷ ‘ಕರೋಡ್‌ಪತಿ’ ಆಗಸ್ಟ್‌ನಲ್ಲೇ ಶುರುವಾಗಿದೆ. ಈ ಸಲ ಆಗದಿದ್ದರೆ ಮುಂದಿನ ಸಲ ಜುಲೈ ಹೊತ್ತಿಗೇ ಪತ್ರ ಹೋಗಿರಲಿ.

ಪಾಸ್ ಬಂದರೂ ಸೀಟು ಖಂಡಿತ ಎಂದುಕೊಳ್ಳಬೇಡಿ. ಬರುತ್ತೇನೆಂದು ಬಾರದವರು ಇರುತ್ತಾರೆ ಎಂದು ಜಾಸ್ತಿ ಜನರನ್ನು ಕರೆದಿರುತ್ತಾರೆ. ನನಗೇ ಒಂದು ಸಲ ಹಾಗಾಯಿತು. ಊರಿನಿಂದ ಬಂದಿದ್ದ ನನ್ನ ಚಿಕ್ಕಮ್ಮನನ್ನು ಒಂದು ಹಾಡಿನ ಸ್ಪರ್ಧೆಯ ಚಿತ್ರೀಕರಣಕ್ಕೆ ಕರೆದುಕೊಂಡು ಹೋಗಿದ್ದೆ. ಮೂರು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಇವತ್ತು ತುಂಬಿದೆ, ಹೋಗಿ ಎಂದುಬಿಟ್ಟರು. ಕೂರಲು ಒಂದು ಬೆಂಚೂ ಇರಲಿಲ್ಲ. ಚಿಕ್ಕಮ್ಮ ಕಾಂಪೌಂಡ್ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದರು. ಆ ದಿನದ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ವಯಸ್ಸಾದವರನ್ನು ಕರೆದ ಮೇಲೆ ಒಂದು ಕುರ್ಚಿ, ಒಂದು ಲೋಟ ನೀರು ಕೊಡುವುದು ಕರೆದವರ ಕರ್ತವ್ಯ ಅಲ್ವಾ?

ಎರಡನೆಯ ಸಲ ಒಳಗೆ ಬಿಟ್ಟರು. ಫೋನುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಸಿಕೊಂಡು ಟೋಕನ್ ಕೊಟ್ಟರು. ಒಳಗೆ ಎ.ಸಿ. ಎಂದರೆ ಮಲೆನಾಡಿನ ಡಿಸೆಂಬರ್ ಬೆಳಗಿನಂತೆ. ಚಿಕ್ಕಮ್ಮ ಸೆರಗನ್ನು ಎರಡು ಸುತ್ತು ಹೊದ್ದುಕೊಂಡು ಕೈ ಒಳಗಿಟ್ಟುಕೊಂಡರು. ಹಾಡು ಶುರುವಾಗುವ ಮೊದಲೇ ಒಬ್ಬ ಹುಡುಗ ಬಂದು ‘ತಾಲಿಯಾಂ’ ಎಂದ. ಎಲ್ಲರೂ ತಟ್ಟಿದರು. ಕ್ಯಾಮೆರಾ ನಮ್ಮ ಸಾಲಿನ ಮೇಲೆ ಹಾದುಹೋಯಿತು. ಇನ್ನೊಂದು ಸಲ, ನಗುತ್ತಾ ತಟ್ಟಿ ಎಂದ. ಚಿಕ್ಕಮ್ಮ ನನ್ನ ಕಿವಿಯ ಹತ್ತಿರ ಬಂದು, “ಯಾರೂ ಹಾಡಲೇ ಇಲ್ಲವಲ್ಲೋ, ಯಾಕೆ ತಟ್ಟೋದು?” ಎಂದು ಕೇಳಿದರು. ಆಮೇಲೆ ಸೇರಿಸಿಕೊಳ್ಳಲು ಈಗಲೇ ತೆಗೆದಿಟ್ಟುಕೊಳ್ಳುತ್ತಾರೆ ಎಂದೆ. ಅವರು ಕೈ ಹೊರಗೆ ತೆಗೆಯಲೇ ಇಲ್ಲ.

ಸಂಜೆ ಒಬ್ಬಳು ಹುಡುಗಿ ಸ್ಪರ್ಧೆಯಿಂದ ಹೊರಗೆ ಹೋದಳು. ಹದಿನಾರು ಹದಿನೇಳು ವರ್ಷ ಇರಬಹುದು. ದೃಶ್ಯ ಮುಗಿಯಿತು, ದೀಪ ಮಂಕಾಯಿತು, ಕೆಲಸದವರು ವೈರು ಸುತ್ತುತ್ತಿದ್ದರು. ಆ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಮ್ಮ ಮುಂದೆಯೇ ನಡೆದು ಹೋಗುತ್ತಿದ್ದಳು. ಆಗ ಚಿಕ್ಕಮ್ಮ ಸೆರಗಿನಿಂದ ಕೈ ತೆಗೆದು ಚಪ್ಪಾಳೆ ತಟ್ಟಿದರು. ಒಬ್ಬರೇ. ಆ ಹುಡುಗಿ ತಿರುಗಿ ನೋಡಿ, ನಿಂತು, ಕೈ ಮುಗಿದಳು. ಅದು ಯಾವ ಕಂತಿನಲ್ಲೂ ಬರಲಿಲ್ಲ. ಚಿಕ್ಕಮ್ಮ ಊರಿಗೆ ಹೋಗಿ ಎಲ್ಲರಿಗೂ ಹೇಳಿದ್ದು ಅದೊಂದನ್ನೇ.

ಅದಕ್ಕೇ ನಿಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿ ಎಂದೇ ನಾನು ಹೇಳುವುದು. ಆದರೆ ತಯಾರಾಗಿ ಹೋಗಿ. ಟಿ.ವಿ.ಯಲ್ಲಿ ಒಂದು ಗಂಟೆಯ ಕಂತಿಗೆ ಅಲ್ಲಿ ಅರ್ಧ ದಿನ ಹೋಗುತ್ತದೆ. ಒಂದೇ ದಿನ ಎರಡು ಕಂತು ತೆಗೆಯುವುದೂ ಉಂಟು. ಕ್ಯಾಮೆರಾ ಓಡುವಾಗ ಶೌಚಕ್ಕೆ ಎದ್ದು ಹೋಗಲು ಬಿಡುವುದಿಲ್ಲ. ಸಕ್ಕರೆ ಕಾಯಿಲೆ ಇದೆ ಎಂದಿದ್ದೀರಿ, ಹಾಗಾಗಿ ಮಾತ್ರೆ, ತಿಂಡಿ ಒಳಗೆ ತರಲು ಬಿಡುತ್ತಾರಾ ಎಂದು ಮೊದಲೇ ಬಾಯಿಬಿಟ್ಟು ಕೇಳಿ. ಬಿಡುವುದಿಲ್ಲ ಎಂದರೆ ಅವರನ್ನು ಕರೆದೊಯ್ಯಬೇಡಿ. ಕೆಳಗಿನ ಸಾಲಿನಲ್ಲೇ ಕೂರಿಸಿ ಎಂದು ಕೇಳಿಕೊಳ್ಳಿ. ಇಬ್ಬರ ಆಧಾರ್ ಕಾರ್ಡು ಜೊತೆಗಿರಲಿ. ಪಟ್ಟಿಯಲ್ಲಿರುವ ಹೆಸರಿಗೂ ಕಾರ್ಡಿಗೂ ತಾಳೆ ನೋಡುತ್ತಾರೆ. ಬೇರೆಯವರ ಹೆಸರಿನ ಪಾಸ್ ಕೊಂಡವರು ಗೇಟಿನಲ್ಲೇ ಉಳಿಯುವುದು ಅದಕ್ಕೇ. ಅಚ್ಚ ಬಿಳಿ ಸೀರೆ, ಸಣ್ಣ ಗೆರೆಯ ಸೀರೆ ಬೇಡ, ಕ್ಯಾಮೆರಾಕ್ಕೆ ಆಗಿಬರುವುದಿಲ್ಲ.

ದಾದರ್‌ನಲ್ಲಿ ಗಾಡಿ ಬದಲಿಸುವ ದಾರಿ ಅವರಿಗೆ ಬೇಡ. ಆ ಬ್ರಿಜ್ಜು, ಆ ನೂಕುನುಗ್ಗಲು ನಿಮಗೆ ಗೊತ್ತೇ ಇದೆ. ಡೊಂಬಿವಲಿಯಿಂದ ಘಾಟ್‌ಕೋಪರ್‌ಗೆ ಬನ್ನಿ. ಅಲ್ಲಿಂದ ಮೆಟ್ರೋದಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಸ್ಟೇಷನ್. ಅದಕ್ಕೆ ಸೇರಿದಂತೆಯೇ ಗುಂದವಲಿ ಸ್ಟೇಷನ್ ಇದೆ, ಮೇಲ್ಸೇತುವೆಯಲ್ಲೇ ನಡೆದು ಹೋಗಬಹುದು. ಅಲ್ಲಿ ಇನ್ನೊಂದು ಮೆಟ್ರೋ ಹತ್ತಿ ದಿಂಡೋಶಿಯಲ್ಲಿ ಇಳಿದರೆ ಫಿಲ್ಮ್ ಸಿಟಿಗೆ ರಿಕ್ಷಾ ಸಿಗುತ್ತದೆ. ಎರಡೂ ಮೆಟ್ರೋದಲ್ಲಿ ಲಿಫ್ಟ್ ಇದೆ. ಫಿಲ್ಮ್ ಸಿಟಿ ಸುಮಾರು 520 ಎಕರೆ, ಕಾಡಿನ ಅಂಚಿನ ಜಾಗ. ಗೇಟಿನಲ್ಲಿ ಇಳಿದು ನಡೆದುಕೊಂಡು ಹೋಗುತ್ತೇವೆ ಎಂದುಕೊಳ್ಳಬೇಡಿ. ಯಾವ ಸ್ಟುಡಿಯೋ ಎಂದು ಮೊದಲೇ ಕೇಳಿಕೊಳ್ಳಿ. ವಾಪಸ್ ಬರುವಾಗ ರಾತ್ರಿ ಆಗುತ್ತದೆ. ಗೋರೆಗಾಂವ್, ಮಲಾಡ್ ಕಡೆ ನೆಂಟರಿದ್ದರೆ ಅಲ್ಲೇ ಉಳಿದು ಬೆಳಿಗ್ಗೆ ಹೊರಡಿ.

ಒಳಗೆ ಕೂತ ಮೇಲೆ, ಸ್ಪರ್ಧಿ ಪ್ರೇಕ್ಷಕರನ್ನು ಕೇಳುತ್ತೇನೆ ಎಂದರೆ ನಿಮ್ಮ ಅತ್ತೆಯವರ ಕೈಗೂ ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುವ ಅವಕಾಶ ಬರಬಹುದು. ಪ್ರಶ್ನೆ ಹಿಂದಿಯಲ್ಲಿರುತ್ತದೆ, ನೀವು ಪಕ್ಕದಲ್ಲಿರಿ. ಆದರೆ ಉತ್ತರ ಅವರೇ ಒತ್ತಲಿ.

ಕೊನೆಯದಾಗಿ, ಟಿಕೆಟ್ ಸಿಕ್ಕಿತು ಎಂದು ಅವರಿಗೆ ಹೇಳಿಬಿಟ್ಟ ವಿಷಯ. ಅದನ್ನು ಮುಚ್ಚಿಡಬೇಡಿ. ದಿನಾಂಕ ಮುಂದೆ ಹೋಯಿತು ಎಂದು ಸುಮ್ನೆ ಇನ್ನೊಂದು ಸುಳ್ಳು ಸೇರಿಸಲೂ ಬೇಡಿ. ಹಣ ಹೋದದ್ದನ್ನೂ ಹೇಳಿ. ಬೇಕಾದರೆ ಈ ಪುಟವನ್ನೇ ಅವರ ಕೈಗೆ ಕೊಡಿ. ಕನ್ನಡ ಚೆನ್ನಾಗಿ ಓದುತ್ತಾರೆ, ನಮ್ಮ ಪತ್ರಿಕೆ ಬಂದ ದಿನ ಮೊದಲು ಅವರೇ ಬಿಡಿಸುತ್ತಾರೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಇಷ್ಟು ಹೊತ್ತಿಗೆ ಓದಿಯೇ ಇರುತ್ತಾರೆ. ಅಮ್ಮ, ನಿಮಗೂ ನಮಸ್ಕಾರ. ಸಂಘದ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದೇ ಬರೆಸಲು ನಿಮ್ಮ ಸೊಸೆಗೆ ಹೇಳಿ.

ಸಂಪಾದಕ